ಅಮ್ಮನನ್ನು ಬಿಟ್ಟು ತೆಗೆದ ಫೋಟೋ

ಹೆರಿಗೆ ವಾರ್ಡಿನಲ್ಲಿ ಆಗಷ್ಟೇ ಹೆತ್ತ ಹೆಂಗಸಿನ ಎದುರು ಕ್ಯಾಮೆರಾ ಹಿಡಿದು ನೋಡಿ. ನೂರಕ್ಕೆ ತೊಂಬತ್ತು ಜನ ಮಾಡುವುದು ಒಂದೇ ಕೆಲಸ. ಮೊದಲು ಕೈ ಕೂದಲಿಗೆ ಹೋಗುತ್ತದೆ, ಆಮೇಲೆ ಹೊಟ್ಟೆಗೆ, ಆಮೇಲೆ ಮಗುವನ್ನು ಮುಂದಕ್ಕೆ ಚಾಚಿ, "ಇದರದ್ದು ಮಾತ್ರ ತೆಗೀರಿ, ನನ್ನದು ಬೇಡ" ಅನ್ನುತ್ತಾರೆ. ಒಂಬತ್ತು ತಿಂಗಳು ಹೊತ್ತವಳು, ಹಲ್ಲು ಕಚ್ಚಿ ಹೆತ್ತವಳು ಫೋಟೋದಲ್ಲಿ ಬೇಡವಂತೆ! ಬಾಗಿಲಲ್ಲಿ ನಿಂತು ಹಲ್ಲು ಕಿರಿಯುವ ಗಂಡ ಬೇಕು, ಗಂಡನ ಚಿಕ್ಕಪ್ಪ ಬೇಕು, ಸುಮ್ಮನೆ ನೋಡಿಹೋಗಲು ಬಂದ ಪಕ್ಕದ ಮನೆಯವರೂ ಬೇಕು. ಅವಳೊಬ್ಬಳು ಬೇಡ. ಈ ಮಾತು ಕೇಳಿದರೆ ಫೋಟೋದಮ್ಮನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಫೋಟೋದಮ್ಮ ಅಂದರೆ ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಎರಡನೇ ಮಹಡಿಯ ಮೆಟ್ಟಿಲ ಪಕ್ಕದಲ್ಲಿ, ಹಿಂದೊಮ್ಮೆ ಹಾಸಿಗೆ ಬಟ್ಟೆ ಇಡುತ್ತಿದ್ದ ಇಕ್ಕಟ್ಟು ಕೋಣೆಯೇ ಅವಳ ಸ್ಟುಡಿಯೋ. ಒಂದು ಕುರ್ಚಿ, ಒಂದು ತೊಟ್ಟಿಲು, ಒಂದು ಕಿಟಕಿ, ಅಷ್ಟೆ. ವಯಸ್ಸು ಅರವತ್ತರ ಹತ್ತಿರ, ಮಂಡಿ ನೋವು ಬೇರೆ. ಆದರೂ ದಿನಾ ಬೆಳಿಗ್ಗೆ ವಾರ್ಡು ಪೂರ್ತಿ ಒಂದು ಸುತ್ತು ಹಾಕದೆ ಕೂರುವವಳಲ್ಲ.

ಅವಳ ಉಪಾಯಗಳೂ ಒಂದೆರಡಲ್ಲ. ಮೊದಲು ಕ್ಯಾಮೆರಾ ತಂದು ಮಂಚದ ಮೇಲೆ ಇಟ್ಟು, ಅದರ ಕಣ್ಣನ್ನು ಗೋಡೆ ಕಡೆ ತಿರುಗಿಸುತ್ತಿದ್ದಳು. ಆಮೇಲೆ ಚೀಲದಿಂದ ಬಾಚಣಿಗೆ ತೆಗೆದು, ಕೇಳದೆ ಗೀಳದೆ, ಬಾಣಂತಿಯ ತಲೆ ಬಾಚಲು ಶುರು. ಬಾಚುತ್ತಾ ಬಾಚುತ್ತಾ ಗಂಡನ ಚಾಡಿ ಕೇಳುವುದು. ಹೆಂಗಸರಿಗೆ ಆಗ ನಗು ಬರುತ್ತದೆ.

"ಮುಖ ಊದಿದೆ ಅಮ್ಮಾ, ಬೇಡ."

"ಊದದೆ ಇನ್ನೇನಾಗುತ್ತೆ? ನೀನೇನು ಅಂಗಡಿಗೆ ಹೋಗಿ ಮಗು ಆರಿಸಿ ತಂದೆಯಾ?"

"ತುಂಬಾ ದಪ್ಪ ಆಗಿಬಿಟ್ಟಿದ್ದೀನಿ."

"ಆಗು! ನಿನ್ನ ಮಗ ದೊಡ್ಡವನಾದ ಮೇಲೆ ಈ ಫೋಟೋನ ತಕ್ಕಡಿಯಲ್ಲಿಟ್ಟು ತೂಗಿ ನೋಡ್ತಾನಾ?"

ಅದಕ್ಕೂ ಬಗ್ಗದಿದ್ದರೆ, "ಹೋಗಲಿ, ಕೈ ಒಂದು ಬರಲಿ ಬಿಡು, ಕೈಗೇನು ನಾಚಿಕೆ" ಅನ್ನುವುದು. ಕೈ ಆದಮೇಲೆ ಭುಜ, ಭುಜ ಆದಮೇಲೆ ಕೆನ್ನೆ. ಆರನೇ ಫೋಟೋ ಹೊತ್ತಿಗೆ ತಾಯಿ ಪೂರ್ತಿ ಬಂದಿರುತ್ತಿದ್ದಳು, ತಾನು ಬಂದೆ ಅಂತ ಅವಳಿಗೇ ಗೊತ್ತಿರುತ್ತಿರಲಿಲ್ಲ. "ಈಯಮ್ಮ ಬಿಟ್ಟರೆ ಗೋಡೆಯನ್ನೂ ನಗಿಸ್ತಾರೆ" ಅಂತ ವಾರ್ಡಿನ ಕನ್ನಡಕದ ನರ್ಸು ಬಂದವರಿಗೆಲ್ಲ ಹೇಳುತ್ತಿದ್ದಳು.

ಯಾವ ಉಪಾಯವೂ ನಡೆಯದ ಗಟ್ಟಿ ಪಿಂಡಗಳಿಗೆ ಒಂದು ಕೊನೆಯ ಮಾತಿತ್ತು. ಅದನ್ನು ಹೇಳುವಾಗ ಫೋಟೋದಮ್ಮ ನಗುತ್ತಿರಲಿಲ್ಲ. "ನಿನಗೋಸ್ಕರ ಅಲ್ಲ ಕಣಮ್ಮ, ಅದಕ್ಕೋಸ್ಕರ. ನಾಳೆ ಅದು ಕೇಳುತ್ತೆ, ನಮ್ಮಮ್ಮ ಎಲ್ಲಿ ಅಂತ. ಆಗ ಯಾರು ಏನು ಕೊಡ್ತಾರೆ?" ಇಷ್ಟು ಕೇಳಿದವರು ಯಾರೂ ಇಲ್ಲ ಅಂದದ್ದಿಲ್ಲ.

ಇಂಥವಳಿಗೆ ಸಿಗದೆ ಹೋದವಳು ಒಬ್ಬಳೇ. ಫೋಟೋದಮ್ಮನೇ ಸಾಕಿ ಬೆಳೆಸಿದ ಗುಬ್ಬಿ.

ಗುಬ್ಬಿ ಅವಳ ತಂಗಿಯ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳು ಅಂತ ಆ ಹೆಸರು. ಈಗ ಇಪ್ಪತ್ತೆಂಟು ವರ್ಷದ ಹೆಂಗಸು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರು, ಮೂರು ದಿನದ ಹಿಂದೆ ಹೆಣ್ಣು ಮಗುವಿನ ತಾಯಿ. ವಾರ್ಡಿನ ಕೊನೆಯ ಕೋಣೆಯಲ್ಲಿ ಮಲಗಿದ್ದಳು. ನಾಳೆ ಬೆಳಿಗ್ಗೆ ಮನೆಗೆ ಕಳಿಸುತ್ತೇವೆ ಅಂತ ಡಾಕ್ಟರು ಹೇಳಿಯಾಗಿತ್ತು. ಗಂಡ ಮನೆ ಒಪ್ಪ ಮಾಡಲು ಹೋಗಿದ್ದ. ಮೂರು ದಿನದಿಂದ ಫೋಟೋದಮ್ಮ ಕ್ಯಾಮೆರಾ ಹಿಡಿದುಕೊಂಡು ಆ ಕೋಣೆಗೆ ಎಡತಾಕಿದ್ದೇ ಬಂತು.

"ಬಾಚಣಿಗೆ ಒಳಗಿಡು ದೊಡ್ಡಮ್ಮ," ಅಂದಳು ಗುಬ್ಬಿ, ಅವಳು ಚೀಲಕ್ಕೆ ಕೈ ಹಾಕುವ ಮೊದಲೇ. "ನಿನ್ನ ಆಟವೆಲ್ಲ ನನಗೆ ಬಾಯಿಪಾಠ. ಈಗ ತಲೆ ಬಾಚ್ತೀಯ, ಆಮೇಲೆ ಕೈ ಒಂದು ಬರಲಿ ಅಂತೀಯ. ನಾನು ನಿನ್ನ ಹಳೇ ಸ್ಟುಡಿಯೋ ಬೆಂಚಿನ ಮೇಲೆ ಮಲಗಿ ಬೆಳೆದೋಳು, ಮರೀಬೇಡ."

"ಒಂದೇ ಒಂದು ಕಣೇ. ಕಣ್ಣು ಮುಚ್ಚಿ ತೆರೆಯೋದರೊಳಗೆ ಮುಗಿದುಹೋಗುತ್ತೆ."

"ಮಗೂದು ಎಷ್ಟು ಬೇಕಾದರೂ ತೆಗಿ. ನನಗಾಗಲ್ಲ. ಕ್ಯಾಮೆರಾ ನೋಡಿದರೆ ಎದೆ ಢವಢವ ಅನ್ನುತ್ತೆ, ನಿನಗೆ ಗೊತ್ತಿಲ್ವಾ?" ಗುಬ್ಬಿ ಮಗುವಿನ ಕಿವಿ ಸವರಿ ನಕ್ಕಳು. "ಏನು ಮಾಡೋದು, ನಮ್ಮಮ್ಮನ ರಕ್ತ. ಅವಳೂ ಹೀಗೇ ಅಲ್ವಾ? ನನಗೆ ಅಂತ ಅವಳು ಬಿಟ್ಟುಹೋಗಿರೋದು ಇದೊಂದೇ. ಇದನ್ನೂ ಕಿತ್ಕೋಬೇಡ."

ಫೋಟೋದಮ್ಮ ಚೀಲದ ಬಾಯಿ ಮುಚ್ಚಿದಳು. ಮೂರು ದಿನವೂ ಮಾತು ಇಲ್ಲಿಗೇ ಬಂದು ನಿಂತಿತ್ತು. ಯಾಕೆಂದರೆ ಗುಬ್ಬಿ ಹೇಳಿದ್ದು ಸುಳ್ಳು. ಆ ಸುಳ್ಳು ಹುಟ್ಟಿಸಿದವಳು ದೊಡ್ಡಮ್ಮನೇ.

ಗುಬ್ಬಿಯ ತಾಯಿ ಹೆತ್ತ ಹದಿನಾಲ್ಕನೇ ದಿನಕ್ಕೆ ಜ್ವರದಲ್ಲಿ ತೀರಿಕೊಂಡಿದ್ದಳು. ಅಪ್ಪ ಅನ್ನಿಸಿಕೊಂಡವನು ವರ್ಷ ತುಂಬುವುದರೊಳಗೆ ಬೇರೆ ಸಂಸಾರ ಹೂಡಿ, ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ. ದೊಡ್ಡಮ್ಮನೇ ತಾಯಿ, ದೊಡ್ಡಮ್ಮನೇ ತಂದೆ. ಆರು ವರ್ಷದ ಗುಬ್ಬಿ ಒಂದು ದಿನ ಸ್ಟುಡಿಯೋದಲ್ಲಿ ಕೂತು, ಗಿರಾಕಿಗಳು ಒಯ್ಯಬೇಕಾದ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಕೇಳಿತು: "ಎಲ್ಲಾ ಪಾಪೂನೂ ಅವರಮ್ಮ ಎತ್ಕೊಂಡಿದ್ದಾರೆ. ನನ್ನ ಫೋಟೋದಲ್ಲಿ ಮಾತ್ರ ಯಾಕೆ ಅಮ್ಮ ಇಲ್ಲ?"

ಏನು ಹೇಳುತ್ತಾಳೆ? ಬಾಯಿಗೆ ಬಂದದ್ದು ಹೇಳಿದಳು. "ನಿಮ್ಮಮ್ಮನಿಗೆ ಕ್ಯಾಮೆರಾ ಅಂದ್ರೆ ವಿಪರೀತ ನಾಚಿಕೆ ಕಣೇ. ಕಂಡರೆ ಸಾಕು, ಬಾಗಿಲ ಹಿಂದೆ ಬಚ್ಚಿಟ್ಕೊಳ್ಳೋಳು. ನಾನು ಎಷ್ಟು ಗೋಗರೆದರೂ ಬರಲಿಲ್ಲ."

ಮಗು ಅಳಲಿಲ್ಲ. ಅಳುವುದಿರಲಿ, ಮುಖ ಇಷ್ಟಗಲ ಮಾಡಿಕೊಂಡಿತು! ಅಮ್ಮ ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು ಅನ್ನುವುದೇ ಅದಕ್ಕೆ ದೊಡ್ಡ ಕಥೆಯಾಯಿತು. ಮಾರನೆಯ ದಿನವೇ ಕ್ಯಾಮೆರಾ ಕಂಡು ತಾನೂ ಬಾಗಿಲ ಹಿಂದೆ ಓಡಿತು. ಮೊದಮೊದಲು ಆಟ, ಆಮೇಲೆ ಅಭ್ಯಾಸ, ಆಮೇಲೆ ಅದೇ ಗುಣ. ಶಾಲೆಯ ಗುಂಪು ಫೋಟೋದಲ್ಲಿ ಗುಬ್ಬಿಯ ಜಾಗದಲ್ಲಿ ಬರೀ ಜಡೆ. ಮದುವೆಯ ಫೋಟೋದಲ್ಲಿ ನೆಲ ನೋಡುತ್ತಿರುವ ನೆತ್ತಿ. ಯಾರಾದರೂ ಕೇಳಿದರೆ, "ನಮ್ಮಮ್ಮನ ಥರ ನಾನು" ಅಂತ ಕತ್ತು ಎತ್ತಿ ಹೇಳುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಫೋಟೋದಮ್ಮ ಏನೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗುತ್ತಿದ್ದಳು. ಇವತ್ತು ಹೇಳೋಣ, ನಾಳೆ ಹೇಳೋಣ, ಪರೀಕ್ಷೆ ಮುಗಿಯಲಿ, ಮದುವೆ ಮುಗಿಯಲಿ ಅಂತ ಇಪ್ಪತ್ತೆರಡು ವರ್ಷ ದೂಡಿದಳು. ಬೇರೆಯವರ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವುದರಲ್ಲಿ ಮಾತ್ರ ಎತ್ತಿದ ಕೈ!

"ಸರಿ, ಮಗೂದೇ ತೆಗಿತೀನಿ, ಕೊಡು," ಅಂದಳು ಈಗ, ಸೋತ ದನಿಯಲ್ಲಿ.

ಮಗುವನ್ನು ತೊಟ್ಟಿಲಿಗೆ ಹಾಕಿದ್ದೇ ತಡ, ಕಿಟಾರನೆ ಕಿರುಚಿತು. ಎತ್ತಿದರೆ ಸುಮ್ಮನೆ, ಇಳಿಸಿದರೆ ರಂಪ. ಎರಡು ಸಲ ನೋಡಿದ್ದಾಯಿತು, ಮೂರು ಸಲ ನೋಡಿದ್ದಾಯಿತು. ತಾಯಿಯ ಬಿಸುಪು ಬಿಟ್ಟು ಅದು ಒಂದು ಗಳಿಗೆ ಇರಲೊಲ್ಲದು.

"ಅಯ್ಯೋ, ಅದಕ್ಯಾಕೆ ಒದ್ದಾಡ್ತೀಯ," ಅಂದಳು ಗುಬ್ಬಿ. "ಹಳೇ ಕಾಲದಲ್ಲಿ ಅಮ್ಮನ ಮೇಲೆ ಬಟ್ಟೆ ಹೊದಿಸಿ ಮಗೂನ ಹಿಡಿಸ್ತಿದ್ದರಂತಲ್ಲ, ಹಾಗೆ ಮಾಡೋಣ. ನಾನೇ ಹಿಡ್ಕೋತೀನಿ."

ಅಷ್ಟು ಹೇಳಿ ಅವಳು ಕಾಲಡಿಯ ಬೂದುಬಣ್ಣದ ಕಂಬಳಿಯನ್ನು ಎಳೆದು ತಲೆಯ ಮೇಲಿಂದ ಹೊದ್ದುಕೊಂಡುಬಿಟ್ಟಳು. ಮುಖ, ಕತ್ತು, ಎದೆ, ಕೈ ಎಲ್ಲ ಒಳಗೆ. ಕಂಬಳಿಯ ಮೇಲೆ, ಕಾಣದ ಎರಡು ಕೈಗಳ ಆಸರೆಯಲ್ಲಿ, ಮಗು ಹಾಯಾಗಿ ಬಾಯಿ ಚಪ್ಪರಿಸುತ್ತಾ ಮಲಗಿತು.

"ಹೂಂ, ಬೇಗ ತೆಗಿ ದೊಡ್ಡಮ್ಮ," ಅಂತ ಕಂಬಳಿಯೊಳಗಿಂದ ದನಿ ಬಂತು.

ಫೋಟೋದಮ್ಮ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಳು. ಹಿಡಿದದ್ದಷ್ಟೇ. ಚೌಕಟ್ಟಿನೊಳಗೆ ಮಗು ಇತ್ತು, ಮಗುವಿನ ಹಿಂದೆ ತಾಯಿಯಾದವಳು ಬರೀ ಬಟ್ಟೆಯ ಗುಡ್ಡೆಯಾಗಿ ಕೂತಿದ್ದಳು. ಫೋಟೋದಮ್ಮ ಗುಂಡಿ ಒತ್ತಲು ಹೋಗಿ ಒತ್ತಲಾರದೆ ಹೋದಳು.

"ತೆಗೆದು ಹಾಕೇ ಅದನ್ನ!" ಅಂತ ಕಿರುಚಿದಳು. "ತೆಗಿ ಮುಖದ ಮೇಲಿಂದ!"

ಗುಬ್ಬಿ ಬೆಚ್ಚಿ ಕಂಬಳಿ ಸರಿಸಿದಳು. ದೊಡ್ಡಮ್ಮ ಕುರ್ಚಿಯ ಮೇಲೆ ಕುಸಿದು ಕೂತಿದ್ದಳು. ಮುಖ ಬಿಳಿಚಿತ್ತು. ನರ್ಸನ್ನು ಕರೆಯಲಾ ಅಂತ ಕೇಳಿದರೆ ಬೇಡ ಅಂತ ಕೈ ಆಡಿಸಿದಳು.

"ನಿನ್ನ ಮನೆ ಗೋಡೆ ಮೇಲೆ ಒಂದು ಫೋಟೋ ಇದೆಯಲ್ಲ. ಕಪ್ಪು ಬಟ್ಟೆ ಮೇಲೆ ಮಲಗಿದ್ದೀಯ," ಅಂದಳು.

"ಇದೆ. ಏನೀಗ?"

"ಅದು ಬಟ್ಟೆ ಅಲ್ಲ ಕಣೇ. ಅದರೊಳಗೆ ನಿಮ್ಮಮ್ಮ ಇದ್ದಾಳೆ."

ಫೋಟೋದಮ್ಮನಿಗೆ ಈಗ ನಿಲ್ಲಿಸಲು ಬರುವಂತಿರಲಿಲ್ಲ. ಒಂದೇ ಉಸಿರಿಗೆ ಹೇಳಿದಳು, ಮುಖ ನೋಡದೆ.

ಆಗ ಅವಳು ಇನ್ನೂ ಆಸ್ಪತ್ರೆಗೆ ಬಂದಿರಲಿಲ್ಲ, ಬೀದಿಯಲ್ಲಿ ಹೊಸದಾಗಿ ಸ್ಟುಡಿಯೋ ಹಾಕಿದ್ದಳು. ರಸ್ತೆ ಕಡೆಯ ಗಾಜಿನ ಕಪಾಟಿಗೆ ಒಂದು ಎಳೆಮಗುವಿನ ಫೋಟೋ ಬೇಕಿತ್ತು, ನೋಡಿದವರು ನಿಂತು ನೋಡುವಂಥದ್ದು. ತಂಗಿ ಹೆತ್ತದ್ದೇ ಸರಿ, ಆರನೇ ದಿನಕ್ಕೆ ಕ್ಯಾಮೆರಾ ಹೊತ್ತುಕೊಂಡು ಹೋದಳು. ತಂಗಿಯೋ, ಕ್ಯಾಮೆರಾ ಕಂಡರೆ ಹಾರಿ ಬರುವವಳು! ಅಕ್ಕ ಹೊಸ ದೀಪ ತಂದರೆ ಅದರೆದುರು ಮೊದಲು ಕೂರುವವಳು ಅವಳೇ. ಅವತ್ತು ಎದ್ದು ಕೂರಲೂ ತ್ರಾಣವಿರಲಿಲ್ಲ, ಆದರೂ ತಾನಾಗಿಯೇ ತಲೆ ಬಾಚಿಕೊಂಡು ಕಾದು ಕೂತಿದ್ದಳು.

"'ಅಕ್ಕಾ, ನನ್ನನ್ನೂ ಸೇರಿಸಿ ತೆಗಿಯೇ' ಅಂದಳು. ನಾನೇನಂದೆ ಗೊತ್ತಾ? 'ಕನ್ನಡಿ ನೋಡ್ಕೊಂಡಿದ್ದೀಯಾ? ಮುಖ ಕುಂಬಳಕಾಯಿ ಆಗಿದೆ. ಊತ ಇಳೀಲಿ, ಆಮೇಲೆ ನೋಡೋಣ' ಅಂದೆ. ಕಪ್ಪು ಬಟ್ಟೆ ತಲೆ ಮೇಲೆ ಹಾಕಿ, ನಿನ್ನನ್ನ ಅವಳ ತೊಡೆ ಮೇಲೆ ಮಲಗಿಸಿದೆ. ನಡುವೆ ಬಟ್ಟೆ ಸರಿಸಿ ಮತ್ತೆ ಕೇಳಿದಳು. 'ಅಲ್ಲಾಡಬೇಡ, ಬೆಳಕು ಹೋಗುತ್ತೆ' ಅಂತ ಗದರಿದೆ. ಕೊನೆಗೆ ನಾನು ಎಲ್ಲ ಚೀಲಕ್ಕೆ ತುಂಬ್ತಾ ಇರುವಾಗ, 'ಒಂದೇ ಒಂದು ಅಕ್ಕಾ, ಚೆನ್ನಾಗಿ ಬರದೇ ಇದ್ದರೂ ಪರವಾಗಿಲ್ಲ' ಅಂದಳು. ಫಿಲ್ಮ್ ಇತ್ತು ಗುಬ್ಬಿ. ಇನ್ನೂ ನಾಲ್ಕು ಬಾಕಿ ಇತ್ತು. 'ಸುಮ್ಮನೆ ಯಾಕೆ ಹಾಳು ಮಾಡಲಿ' ಅಂದುಬಿಟ್ಟೆ."

ಮಗು ಮುಲುಗುಟ್ಟಿತು. ಗುಬ್ಬಿ ಯಾಂತ್ರಿಕವಾಗಿ ಅದನ್ನು ಎದೆಗೆ ಹಾಕಿಕೊಂಡಳು.

"ಆ ನಾಲ್ಕು?" ಅಂದಳು.

"ಬೀದಿಯಲ್ಲಿ ಹೋಗ್ತಾ ಯಾವುದೋ ಅಂಗಡಿ ಬಾಗಿಲು, ಯಾವುದೋ ಬೆಕ್ಕು... ರೋಲು ಮುಗಿಸೋಣ ಅಂತ ತೆಗೆದೆ."

ಹೇಳಿ ಫೋಟೋದಮ್ಮ ಮುಖ ಮುಚ್ಚಿಕೊಂಡು ಅತ್ತಳು. ಬೇರೆ ದಾರಿ ಇರಲಿಲ್ಲ, ಅತ್ತಳು. ಬೆಕ್ಕಿಗೆ ಸಿಕ್ಕಿದ ಫಿಲ್ಮು ತಂಗಿಗೆ ಸಿಗಲಿಲ್ಲವಲ್ಲ ಅಂತ ಇಪ್ಪತ್ತೆಂಟು ವರ್ಷ ಒಬ್ಬಳೇ ಅತ್ತದ್ದನ್ನು ಈಗ ಒಬ್ಬರೆದುರು ಅತ್ತಳು. ಸ್ವಲ್ಪ ಹಗುರಾಗಬಹುದು ಅಂದುಕೊಂಡಿದ್ದಳೋ ಏನೋ, ಆಗಲಿಲ್ಲ.

ಗುಬ್ಬಿ ಅಳಲಿಲ್ಲ. ಲೆಕ್ಕದ ಟೀಚರು, ಒಂದೊಂದನ್ನೂ ಬಿಡಿಸುತ್ತಾ ಹೋದಳು.

"ಹಾಗಾದರೆ ನಮ್ಮಮ್ಮ ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ತಾನೇ ಇರಲಿಲ್ಲ."

"ಇಲ್ಲ."

"ಹೊಸ ದೀಪ ಬಂದಾಗಲೆಲ್ಲ ಅದರೆದುರು ಕೂರ್ತಿದ್ದಳು ಅಂದೆ. ಆ ಫೋಟೋ ಎಲ್ಲ ಎಲ್ಲಿ? ನೀನು ನನಗೆ ಕೊಟ್ಟಿರೋದು ಎರಡು. ಎರಡರಲ್ಲೂ ತಲೆ ತಗ್ಗಿಸಿದ್ದಾಳೆ."

ಇದೊಂದನ್ನು ಕೇಳಬಾರದಿತ್ತು. ಕೇಳಿಯೇ ಕೇಳುತ್ತಾಳೆ ಅಂತ ಫೋಟೋದಮ್ಮನಿಗೆ ಗೊತ್ತಿತ್ತು.

"ಮನೆಯಲ್ಲಿದೆ. ಬೀರುವಿನ ಮೇಲೆ, ಒಂದು ಡಬ್ಬಿಯಲ್ಲಿ. ನಲವತ್ತು, ಐವತ್ತು ಇರಬಹುದು. ನೀನು ನೋಡಿದರೆ ನನ್ನ ಸುಳ್ಳು ಗೊತ್ತಾಗಿಬಿಡುತ್ತೆ ಅಂತ..."

"ನಗ್ತಾ ಇದ್ದಾಳಾ?"

"ಎಲ್ಲದರಲ್ಲೂ."

ಗುಬ್ಬಿ ಮಗುವನ್ನು ಇನ್ನೊಂದು ಬದಿಗೆ ಹಾಕಿಕೊಂಡಳು. ಹೊರಗೆ ಊಟದ ತಳ್ಳುಗಾಡಿ ಗಡಗಡ ಸದ್ದು ಮಾಡುತ್ತಾ ಹೋಯಿತು. "ಆರು ವರ್ಷದವಳಿದ್ದಾಗಿಂದ ನಾನು ಅಮ್ಮನ ಥರ ಇರ್ತೀನಿ ಅಂತ ಬಚ್ಚಿಟ್ಕೊಂಡೇ ಬೆಳೆದೆ," ಅಂದಳು. ದನಿ ಏರಿರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಅಮ್ಮನ ಥರ ಇರಬೇಕಿದ್ದರೆ ಮುಂದೆ ಬಂದು ನಿಲ್ಲಬೇಕಾಗಿತ್ತು."

"ಬೈಯೇ ಗುಬ್ಬಿ. ಬಾಯಿಗೆ ಬಂದ ಹಾಗೆ ಬೈದುಬಿಡು."

ಗುಬ್ಬಿ ಬೈಯಲಿಲ್ಲ. ಮಂಚದ ಪಕ್ಕದ ಗಂಟೆ ಒತ್ತಿದಳು. ಕನ್ನಡಕದ ನರ್ಸು ಸೆರಗಿಗೆ ಕೈ ಒರೆಸಿಕೊಳ್ಳುವ ಹಾಗೆ ಅಂಗಿಗೆ ಒರೆಸಿಕೊಳ್ಳುತ್ತಾ ಬಂದಳು.

"ಸಿಸ್ಟರ್, ನನ್ನ ಫೋನ್ ತಗೊಳ್ಳಿ. ನಂದೂ ಮಗೂದೂ ಒಂದು ಫೋಟೋ ತೆಗೀರಿ."

"ಅಯ್ಯೋ! ಫೋಟೋದಮ್ಮನೇ ಎದುರಿಗೆ ಕೂತಿರುವಾಗ ನಾನ್ಯಾಕೆ? ನನಗೆ ಸೂಜಿ ಹಿಡಿಯೋದು ಗೊತ್ತು, ಇದೆಲ್ಲ..."

"ನೀವೇ ತೆಗೀರಿ."

ನರ್ಸು ಇಬ್ಬರ ಮುಖವನ್ನೂ ನೋಡಿ ಫೋನು ಇಸಿದುಕೊಂಡಳು. ನಿಂತದ್ದು ಎಲ್ಲಿ ಅಂದರೆ, ಸರಿಯಾಗಿ ಕಿಟಕಿಗೆ ಎದುರಾಗಿ. ಗುಬ್ಬಿಯ ಬೆನ್ನ ಹಿಂದೆ ಧಗಧಗ ಬೆಳಕು, ಮುಖದ ಮೇಲೆ ನೆರಳು. ಪಕ್ಕದಲ್ಲಿ ಔಷಧಿ ನೇತುಹಾಕುವ ಕಂಬಿ. ನರ್ಸಿನ ಬೆರಳಿನ ತುದಿ ಫೋನಿನ ಕಣ್ಣಿಗೆ ಅಡ್ಡ ಬಂದಿತ್ತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ನೋಡಿಕೊಂಡು ಕೂರಲಾಗದೆ ಮೈ ಪರಚಿಕೊಳ್ಳುವಂತಾಯಿತು. ಮಂಚ ಒಂದು ಮೊಳ ತಿರುಗಿಸಿದ್ದರೆ ಸಾಕಿತ್ತು. ಅವಳು ನಾಲಿಗೆ ಕಚ್ಚಿಕೊಂಡು ಕೂತಳು. ಆ ಕೋಣೆಯಲ್ಲಿ ಬೆಳಕಿನ ಮಾತಾಡುವ ಹಕ್ಕು ತನಗೆ ಉಳಿದಿಲ್ಲ ಅನ್ನುವುದು ಅವಳಿಗೆ ಅರ್ಥವಾಗಿತ್ತು.

ಗುಬ್ಬಿಯ ಕೂದಲು ಕೆದರಿತ್ತು. ಕಣ್ಣಿನ ಕೆಳಗೆ ಕಪ್ಪು, ಕೆನ್ನೆ ಊದಿತ್ತು. ಅವಳ ಎದೆ ಢವಢವ ಅನ್ನುತ್ತಿದ್ದದ್ದು ಅಂಗಿಯ ಮೇಲೇ ಕಾಣುತ್ತಿತ್ತು. ಆದರೂ ಮಗುವನ್ನು ಕೆನ್ನೆಗೆ ಒತ್ತಿಕೊಂಡು, ಕತ್ತೆತ್ತಿ, ಫೋನನ್ನೇ ನೆಟ್ಟ ಕಣ್ಣಿನಿಂದ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ನರ್ಸು ಒತ್ತಿದಳು. ನೋಡಿ ಮುಖ ಸಿಂಡರಿಸಿದಳು. "ಥೂ, ಮುಖ ಎಲ್ಲಾ ಕತ್ತಲೆ ಬಂತು. ಫೋಟೋದಮ್ಮ, ನೀವಾದರೂ ಹೇಳಿ, ಎಲ್ಲಿ ನಿಲ್ಲಲಿ?"

"ಬೇಡ ಸಿಸ್ಟರ್," ಅಂದಳು ಗುಬ್ಬಿ. "ನನಗೆ ಇದೇ ಸಾಕು."

ನರ್ಸು ಹೋದಮೇಲೆ ಫೋಟೋದಮ್ಮ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಮಂಡಿ ಹಿಡಿದುಕೊಂಡು ಎದ್ದಳು. "ನಾಳೆ ಬೆಳಿಗ್ಗೆ ಬೇಗ ಬರ್ತೀನಿ. ಸಾಮಾನು ಕಟ್ಟೋಕೆ ಯಾರಾದರೂ ಬೇಕಲ್ಲ," ಅಂದಳು.

"ಬೇಡ ದೊಡ್ಡಮ್ಮ. ಅವರಿದ್ದಾರೆ, ಅವರು ಕಟ್ಟುತ್ತಾರೆ." ಗುಬ್ಬಿ ಫೋನಿನಿಂದ ತಲೆ ಎತ್ತಲಿಲ್ಲ. "ಇವತ್ತು ಸಾಯಂಕಾಲ ಅವರನ್ನ ನಿನ್ನ ಮನೆಗೆ ಕಳಿಸ್ತೀನಿ. ಆ ಡಬ್ಬಿ ಕೊಟ್ಟುಬಿಡು. ಎಲ್ಲಾನೂ ಕೊಡು, ಒಂದೂ ಇಟ್ಕೋಬೇಡ."

"ಆಯ್ತು."

ಫೋಟೋದಮ್ಮ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಈಗ ತೆಗೆದ ಫೋಟೋವನ್ನು ಒಂದು ಸಲ ತೋರಿಸುತ್ತಾಳೇನೋ ಅಂತ ಆಸೆಯಿತ್ತು. ಗುಬ್ಬಿ ಫೋನನ್ನು ಮಗುವಿನ ಮುಖದ ಹತ್ತಿರ ಹಿಡಿದು, "ನೋಡು, ಇದು ನಿಮ್ಮಮ್ಮ" ಅಂತ ಅದಕ್ಕೆ ತೋರಿಸುತ್ತಿದ್ದಳು. ಕಣ್ಣೇ ತೆರೆಯದ ಮಗುವಿಗೆ ತೋರಿಸಿದಳು, ಬಾಗಿಲಲ್ಲಿ ನಿಂತವಳಿಗೆ ತೋರಿಸಲಿಲ್ಲ.